ಶಹಾಡಿನ ಬಿಂದು

ಕೋಪರಿ, ಠಾಣೆ (ಪೂರ್ವ)
15 ಆಗಸ್ಟ್ 2004

ಚಿರಂಜೀವಿ ನಿಶ್ಮಿತಾಳಿಗೆ ಚಿಕ್ಕಪ್ಪ ಲೀಲಾಧರನ ಆಶೀರ್ವಾದಗಳು.

ಇಷ್ಟು ವರ್ಷಗಳ ಮೇಲೆ ಚಿಕ್ಕಪ್ಪನಿಗೆ ನನ್ನ ನೆನಪು ಹೇಗಪ್ಪಾ ಬಂತು ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮುರಿ. ಆರು ವರ್ಷ ನಿಮ್ಮ ಡೊಂಬಿವಲಿಯ ಮೆಟ್ಟಿಲು ಹತ್ತದಿದ್ದುದು ನನ್ನದೇ ತಪ್ಪು. ಹೋಟೆಲು ನಡೆಸುವವನಿಗೆ ಭಾನುವಾರವೆಂಬುದು ಇರುವುದಿಲ್ಲ, ಅದನ್ನು ಅತ್ತಿಗೆಯಾದರೂ ಬಲ್ಲರು.

ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿ ಹೋಟೆಲಿಗರ ಸಂಘಕ್ಕೆ ಬರುವ ಜನವರಿಗೆ ಐವತ್ತು ತುಂಬುತ್ತದೆ. ಠಾಣೆಯಿಂದ ಕಲ್ಯಾಣದ ತನಕ, ಆಚೆ ಸೀವುಡ್ಸ್ ತನಕ ನಮ್ಮವರು ಎಲ್ಲೆಲ್ಲಿ ಒಲೆ ಹಚ್ಚಿದರು ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ನಕ್ಷೆ ಮಾಡಿ ತೋರಿಸಬೇಕೆಂದು ಕಾರ್ಯದರ್ಶಿಯಾದ ನನ್ನ ಆಸೆ. ಗೋಡೆಗೆ ತೂಗುಹಾಕುವಂಥ ಸತ್ತ ನಕ್ಷೆ ಬೇಡ. ವರ್ಷದ ಗುಂಡಿ ಒತ್ತಿದ ಹಾಗೆ ಆ ವರ್ಷ ತೆರೆದ ಹೋಟೆಲು ಹೊತ್ತಿಕೊಳ್ಳಬೇಕು, ಮುಚ್ಚಿದ್ದು ಆರಬೇಕು. ನೀನು ಬೇಲಾಪುರದಲ್ಲಿ ನಕ್ಷೆ ಮಾಡುವ ಕಂಪೆನಿಯಲ್ಲಿದ್ದೀ ಎಂದು ನನ್ನ ಮಗ ಪೃಥ್ವಿರಾಜ್ ಹೇಳಿದ. ಮನೆಯಲ್ಲೇ ಕೈ ಇರುವಾಗ ಹೊರಗಿನವರನ್ನು ಯಾಕೆ ಕರೆಯಲಿ?

ಉತ್ತರವನ್ನು ಕಾಗದದಲ್ಲೇ ಬರೆ. ಸಂಘದ ಕಡತಕ್ಕೆ ಕಾಗದ ಬೇಕು. ಫೋನಿನಲ್ಲಿ ಆಡಿದ ಮಾತಿಗೆ ಮೊಳೆ ಹೊಡೆಯಲು ಬರುವುದಿಲ್ಲ.

ಇತಿ ನಿನ್ನ ಚಿಕ್ಕಪ್ಪ,
ಲೀಲಾಧರ
ಪ್ರಧಾನ ಕಾರ್ಯದರ್ಶಿ


ಡೊಂಬಿವಲಿ (ಪೂರ್ವ)
29 ಆಗಸ್ಟ್ 2004

ಚಿಕ್ಕಪ್ಪನವರಿಗೆ ನಿಶ್ಮಿತಾಳ ನಮಸ್ಕಾರ.

ನನ್ನ ಕನ್ನಡ ಅಮ್ಮ ಸ್ಲೇಟಿನಲ್ಲಿ ಕಲಿಸಿದಷ್ಟೇ. ತಪ್ಪಿದ್ದರೆ ಮನ್ನಿಸಿ.

ಕೆಲಸ ಮಾಡಿಕೊಡುತ್ತೇನೆ. ಸಂಭಾವನೆ ಬೇಡ. ಒಂದೇ ಶರತ್ತು. 1984ರ ಗುಂಡಿ ಒತ್ತಿದಾಗ ಕಲ್ಯಾಣದ ಪಕ್ಕದ ಶಹಾಡಿನಲ್ಲಿ ಒಂದು ಬಿಂದು ಹೊತ್ತಬೇಕು, ಅದರ ಪಕ್ಕದಲ್ಲಿ ಅಮ್ಮನ ಹೆಸರಿರಬೇಕು: ಜಲಜಾಕ್ಷಿ. ಅಪ್ಪ ತೀರಿಕೊಂಡ ಮರುವರ್ಷ ಸ್ಟೇಷನ್ನಿನ ಹಿಂದೆ ಎರಡು ಕೋಣೆ ಹಿಡಿದು ಅವಳು ಮೆಸ್ಸು ಶುರುಮಾಡಿದಳು. ಹದಿನಾಲ್ಕು ವರ್ಷ ಅಲ್ಲಿನ ಕಾರ್ಖಾನೆಯ ಮೂರೂ ಪಾಳಿಯವರಿಗೆ ಉಣಬಡಿಸಿದಳು. ರಸ್ತೆ ಅಗಲ ಮಾಡಿದಾಗ ಎರಡೂ ಕೋಣೆ ಹೋದವು, ಈಗ ಅಲ್ಲಿ ಒಂದು ಇಟ್ಟಿಗೆಯೂ ಇಲ್ಲ. ನೀವು ಊರಿಂದ ಬಂದ ಮೊದಲ ಮೂರು ವರ್ಷ ಅಲ್ಲೇ ಉಂಡು, ಅಲ್ಲೇ ಬಡಿಸಿ, ಕಸುಬು ಕಲಿತವರು. ನಿಮಗೆ ನಾನು ಇದನ್ನೆಲ್ಲ ಹೇಳಬೇಕಾಗಿಲ್ಲ.

ಸಂಘದ ಯಾವ ಸ್ಮರಣ ಸಂಚಿಕೆಯಲ್ಲೂ ಅವಳ ಹೆಸರು ಬಂದಿಲ್ಲ. ಅವಳು ಬಾಯಿಬಿಟ್ಟು ಕೇಳಿದವಳೂ ಅಲ್ಲ. ಸಂಚಿಕೆ ಬಂದಾಗ ಮಾತ್ರ ಮೊದಲ ಪುಟದಿಂದ ಕೊನೆಯ ಜಾಹೀರಾತಿನ ತನಕ ಬೆರಳಿಟ್ಟು ಓದಿ, ಕಪಾಟಿನ ಮೇಲೆ ಎತ್ತಿಡುತ್ತಾಳೆ. ಅದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು ನಕ್ಷೆಯನ್ನು ಯಾವ ಬಗೆಯಲ್ಲಿ ಮಾಡುವುದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಫೋಟೋದಂಥ ಚಿತ್ರ ಮಾಡಿದರೆ ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತದೆ, ಆದರೆ ದೊಡ್ಡದು ಮಾಡಿ ನೋಡಿದರೆ ಚೌಕ ಚೌಕವಾಗಿ ಒಡೆಯುತ್ತದೆ. ಐವತ್ತು ವರ್ಷಕ್ಕೆ ಐವತ್ತು ಚಿತ್ರ ಬೇಕು, ಟೆಲಿಫೋನ್ ಲೈನಿನ ಇಂಟರ್‌ನೆಟ್ಟಿನಲ್ಲಿ ಒಂದೊಂದೂ ಇಳಿಯುವಷ್ಟರಲ್ಲಿ ನೋಡುವವರು ಎದ್ದು ಹೋಗುತ್ತಾರೆ. ಫ್ಲ್ಯಾಶ್‌ನಲ್ಲಿ ಮಾಡಿದರೆ ನೋಡಲು ಬಹಳ ಚಂದ, ಓಡುವುದೂ ನಯವಾಗಿ. ಆದರೆ ಅದು ಮೊಹರು ಹಾಕಿದ ಡಬ್ಬಿ, ಒಳಗಿನ ಒಂದು ಹೆಸರು ಬದಲಿಸಬೇಕಾದರೂ ಮಾಡಿದವನನ್ನೇ ಹುಡುಕಿಕೊಂಡು ಹೋಗಬೇಕು. ಮೂರನೆಯದು ಎಸ್‌ವಿಜಿ. ಇಲ್ಲಿ ನಕ್ಷೆಯೆಂದರೆ ಬರೆದಿಟ್ಟ ಸೂಚನೆಗಳು: ಇಲ್ಲಿಂದ ಅಲ್ಲಿಗೆ ಗೆರೆ, ಇಲ್ಲೊಂದು ಬಿಂದು, ಅದರ ಪಕ್ಕ ಈ ಹೆಸರು. ಎಷ್ಟು ದೊಡ್ಡದು ಮಾಡಿದರೂ ಗೆರೆ ಗೆರೆಯಾಗಿಯೇ ಇರುತ್ತದೆ. ನೋಡುವವರು ಪ್ಲಗಿನ್ ಎಂಬ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಳ್ಳಬೇಕು, ಅಷ್ಟೇ ತೊಂದರೆ. ನನ್ನ ಮತ ಇದಕ್ಕೆ.

ನಿಮ್ಮ ಉತ್ತರ ಬಂದ ಮೇಲೆ ಕೆಲಸ ಹಿಡಿಯುತ್ತೇನೆ.

ನಿಶ್ಮಿತಾ


ಕೋಪರಿ
5 ಸೆಪ್ಟೆಂಬರ್ 2004

ಚಿ. ನಿಶ್ಮಿತಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಹನ್ನೊಂದು ತಪ್ಪು. ಕಲಿಯುವ ವಯಸ್ಸು ನಿನ್ನದು, ಬೇಸರ ಮಾಡಿಕೊಳ್ಳಬೇಡ.

ಶರತ್ತು ಎಂಥದು ಮಗಾ? ಅತ್ತಿಗೆಯ ಹೆಸರು ಹಾಕದೆ ಇನ್ಯಾರ ಹೆಸರು ಹಾಕಲಿ? ಅವರು ಬಡಿಸಿದ ಗಂಜಿ ನನ್ನ ಮೈಯಲ್ಲಿ ರಕ್ತವಾಗಿ ಓಡುತ್ತಿದೆ. ಶಹಾಡ್, 1984, ಜಲಜಾಕ್ಷಿ. ನಾನು ಒಪ್ಪಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಅವರಿಗೂ ಓದಿ ಹೇಳು, ಸಂತೋಷಪಡಲಿ.

ಎಸ್‌ವಿಜಿಯೇ ಆಗಲಿ. ಒಂದು ಮಾತು ಸರಿಯಾಗಿ ತಿಳಿಯಲಿಲ್ಲ. ಅದರಲ್ಲಿ ಹೆಸರು ಬದಲಿಸಬೇಕಾದರೆ ಮಾಡಿದವರ ಹತ್ತಿರ ಹೋಗಬೇಕಾಗಿಲ್ಲ ಅಲ್ಲವೇ? ನಮ್ಮಂಥವರೂ ಬದಲಿಸಬಹುದೇ? ಬಿಡಿಸಿ ಬರೆ.

ಲೀಲಾಧರ


ಡೊಂಬಿವಲಿ
17 ಅಕ್ಟೋಬರ್ 2004

ಚಿಕ್ಕಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದು" ಎಂದಳು. ಮೂರನೆಯ ಸಲ ಕಾಗದ ಕಸಿದುಕೊಂಡು ತಾನೇ ಓದಿದಳು.

ಸಂಘದ ಪಟ್ಟಿ ನೋಡಿದೆ. ಅದರಲ್ಲಿ ಈಗ ನಡೆಯುತ್ತಿರುವ ಐವತ್ತು ಹೋಟೆಲು ಬಿಟ್ಟರೆ ಬೇರೇನೂ ಇಲ್ಲ. ಮುಚ್ಚಿಹೋದವು ನಿಮ್ಮ ಯಾವ ಕಡತದಲ್ಲೂ ಇಲ್ಲ, ಅಮ್ಮನ ತಲೆಯಲ್ಲಿವೆ. ತರಕಾರಿ ಹೆಚ್ಚುತ್ತಾ ಹೇಳುತ್ತಾಳೆ, ನಾನು ಗುರುತು ಹಾಕಿಕೊಳ್ಳುತ್ತೇನೆ. "ಕಲ್ಯಾಣ ಸ್ಟೇಷನ್ನಲ್ಲಿ ಇಳಿದು ಎಡಕ್ಕೆ ಹೋದ್ರೆ ಶಂಕ್ರೆಪ್ಪಣ್ಣನ ಹೋಟೆಲು. ಸಾರು ಬರೀ ನೀರು, ಜನ ಒಳ್ಳೆಯವ" ಎನ್ನುತ್ತಾಳೆ. ಯಾವ ವರ್ಷವಮ್ಮಾ ಎಂದರೆ, "ವಿನೋದಾ ಹುಟ್ಟಿದ ವರ್ಷ, ಎಪ್ಪತ್ತೆರಡು" ಎನ್ನುತ್ತಾಳೆ. ಅವಳ ಇಸವಿಗಳೆಲ್ಲ ಯಾರೋ ಹುಟ್ಟಿದ್ದು, ಯಾರೋ ಸತ್ತದ್ದು. ನಾನು ನಾಲ್ಕು ಭಾನುವಾರ ಲೋಕಲ್ ಹಿಡಿದು ಹೋಗಿ ವಿಚಾರಿಸಿದೆ. ಒಂದೂ ತಪ್ಪಿಲ್ಲ. ಹೀಗೆ ತೊಂಬತ್ತೆರಡು ಬಿಂದುಗಳು ಅವಳ ಬಾಯಿಂದ ಬಂದವು.

ದಿನಾ ಸಂಜೆ ನಾನು ಬೂಟು ಬಿಚ್ಚುವ ಮೊದಲೇ, "ನಂದು ಎಲ್ಲಿ ಹಾಕಿದ್ದಿ, ತೋರ್ಸು" ಎನ್ನುತ್ತಾಳೆ. ಮೊನ್ನೆ ತೋರಿಸಿದೆ. ಸೆರಗಿನಿಂದ ಪರದೆ ಒರೆಸಿ, ಬೆರಳಿಟ್ಟು, "ಸ್ವಲ್ಪ ಈಚೆ ತಾ ಮಾರಾಯ್ತಿ. ಅದು ನಲ್ಲಿ ಇದ್ದ ಜಾಗ. ನಮ್ಮ ಬಾಗಿಲು ಇಲ್ಲಿ" ಎಂದಳು. ಬಿಂದುವನ್ನು ಕೂದಲೆಳೆಯಷ್ಟು ಈಚೆ ತಂದೆ. ಚಿಕ್ಕಪ್ಪ, ಅವಳು ಇಷ್ಟು ಖುಷಿಯಾಗಿದ್ದುದನ್ನು ನಾನು ಬುದ್ಧಿ ಬಂದಮೇಲೆ ನೋಡಿಲ್ಲ. ನಿಮ್ಮ ಮೇಲೆ ನನಗಿದ್ದ ಸಿಟ್ಟನ್ನು ಬಿಟ್ಟಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ.

ಹೆಸರುಗಳನ್ನು ಕನ್ನಡದಲ್ಲೇ ಹಾಕಿದ್ದೇನೆ. ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲವಾದ್ದರಿಂದ ಒಂದೊಂದು ಹೆಸರನ್ನೂ ಗೆರೆಯ ಚಿತ್ರವಾಗಿ ಬಿಡಿಸಿದ್ದೇನೆ. ಅಮ್ಮ ತಾನೇ ಓದಬಹುದು. ಸಿ.ಡಿ. ಇದರೊಂದಿಗಿದೆ.

ನಿಶ್ಮಿತಾ


ಕೋಪರಿ
14 ನವೆಂಬರ್ 2004

ಚಿ. ನಿಶ್ಮಿತಾಳಿಗೆ.

ನಕ್ಷೆಯನ್ನು ಸಮಿತಿಗೆ ತೋರಿಸಿದೆ. ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಜಗಳ. ವಿಷ್ಣುಮೂರ್ತಿಗಳಿಗೆ ತಮ್ಮ ಅಪ್ಪನ ಹೆಸರೂ ಬೇಕಂತೆ. ಇನ್ನೊಬ್ಬರಿಗೆ ಪಾಲುದಾರನ ಹೆಸರು ಬೇಡವಂತೆ, ಮಾತು ಬಿಟ್ಟು ಎರಡು ವರ್ಷವಾಯಿತಂತೆ. ಇವರ ಕಾಟಕ್ಕೆ ನಾನು ದಿನಕ್ಕೊಂದು ಸಲ ನಿನ್ನನ್ನು ಕರೆಯಲೇ? ನೀನು ಅಕ್ಷರಗಳನ್ನು ಚಿತ್ರ ಮಾಡಿ ಕುಳಿತಿದ್ದೀ. ಬಿಲ್ಲಿಂಗಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ, ಬರಿಯ ಅಂಕಿಗಳು. ಎಲ್ಲಿ ಕೈ ಹಾಕುವುದು?

ಹೆಸರುಗಳನ್ನು ಇಂಗ್ಲಿಷಿನಲ್ಲಿ, ಸಾದಾ ಅಕ್ಷರದಲ್ಲಿ ಹಾಕು, ನಮಗೆ ತಿದ್ದಲು ಬರುವ ಹಾಗೆ. ಅತ್ತಿಗೆಗೆ ಓದಲು ಬಾರದೆಂದು ರಾಗ ತೆಗೆಯಬೇಡ. ನೀನು ಓದಿ ಹೇಳು. ಮಗಳೆಂದು ಇರುವುದು ಯಾತಕ್ಕೆ?

ಆಗದಿದ್ದರೆ ಹೇಳಿಬಿಡು. ಫ್ಲ್ಯಾಶ್ ಮಾಡುವವನೊಬ್ಬ ನೌಪಾಡಾದಲ್ಲಿದ್ದಾನೆ, ನಾಳೆಯೇ ಬರುತ್ತೇನೆ ಎನ್ನುತ್ತಾನೆ. ಆಗ ಸಂಘದ ಐವತ್ತು ಹೆಸರು ಬರುತ್ತವೆ, ಮುಚ್ಚಿಹೋದವುಗಳ ಗೋಜು ಬೇಡವೆಂದು ಸಮಿತಿ ಹೇಳಿದರೆ ನಾನು ಒಬ್ಬನೇ ಏನು ಮಾಡಲಿ? ಯೋಚಿಸು.

ಲೀಲಾಧರ


ಡೊಂಬಿವಲಿ
12 ಡಿಸೆಂಬರ್ 2004

ಚಿಕ್ಕಪ್ಪನವರಿಗೆ ನಮಸ್ಕಾರ.

ನೀವು ಹೇಳಿದಂತೆ ಮಾಡಿದ್ದೇನೆ. ಎಲ್ಲ ಹೆಸರೂ ಈಗ ಸಾದಾ ಇಂಗ್ಲಿಷ್ ಅಕ್ಷರದಲ್ಲಿವೆ. ಅಮ್ಮನ ಮುಖ ಸಣ್ಣದಾಯಿತು. ಆಮೇಲೆ, "ಇರ್ಲಿ, ಓದುವವ್ರಿಗೆ ಓದ್ಲಿಕ್ಕೆ ಬಂದ್ರೆ ಸಾಕು" ಎಂದಳು.

ತಿದ್ದುವುದು ಸುಲಭ. ನಕ್ಷೆಯ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಊರಿನ ಹೆಸರು ಕೊಟ್ಟು ಹುಡುಕಿ. ಅದರ ಕೆಳಗಿನ ಸಾಲಿನಲ್ಲಿ ಇಸವಿ, ಅದರ ಕೆಳಗೆ ಮಾಲೀಕರ ಹೆಸರು. ಹೆಸರನ್ನು ಅಳಿಸಿ ಬೇಕಾದ್ದನ್ನು ಬರೆದು ಸೇವ್ ಮಾಡಿ. ಅಕ್ಕಪಕ್ಕದ ಚಿಹ್ನೆಗಳನ್ನು ಮಾತ್ರ ಮುಟ್ಟಬೇಡಿ. ಹಳೆಯ ಹೆಸರಿನ ಗುರುತು ಎಲ್ಲೂ ಉಳಿಯುವುದಿಲ್ಲ, ಹೊಸದು ಮೊದಲಿನಿಂದಲೂ ಇದ್ದಂತೆಯೇ ಕಾಣುತ್ತದೆ. ಇದನ್ನು ನಾನು ಆರಿಸಿದ್ದೂ ಅದಕ್ಕಾಗಿಯೇ. ನಕ್ಷೆ ಮಾಡಿದವರು ಇಲ್ಲದಿದ್ದರೂ ನಕ್ಷೆ ಬದುಕಿರಬೇಕು.

ವೆಬ್‌ಸೈಟಿನ ಪಾಸ್‌ವರ್ಡನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಜನವರಿ ಮೂವತ್ತರ ಸಮಾರಂಭಕ್ಕೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಹೊಸ ಸೀರೆಗೆ ಫಾಲ್ ಹೊಲಿಸಿ ಇಟ್ಟುಕೊಂಡಿದ್ದಾಳೆ.

ನಿಶ್ಮಿತಾ


ಡೊಂಬಿವಲಿ
31 ಜನವರಿ 2005

ಲೀಲಾಧರರಿಗೆ,

ಚಿಕ್ಕಪ್ಪ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ನೀವು ವೇದಿಕೆಯ ಮೇಲಿದ್ದಿರಿ, ಕೆಳಗೆ ಏನಾಯಿತೆಂದು ನಿಮಗೆ ಕಂಡಿರಲಾರದು. ನಾವು ಏಳನೆಯ ಸಾಲಿನಲ್ಲಿದ್ದೆವು. ಪೃಥ್ವಿರಾಜ್ ಒಂದೊಂದೇ ವರ್ಷದ ಗುಂಡಿ ಒತ್ತುತ್ತಿದ್ದ. ಎಂಬತ್ತರಿಂದಲೇ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಎಂಬತ್ತಮೂರು ಬಂದಾಗ ಕೂತಲ್ಲೇ ಸೆರಗು ಸರಿಮಾಡಿಕೊಂಡಳು, ಯಾರೋ ಫೋಟೋ ತೆಗೆಯುತ್ತಾರೆ ಎನ್ನುವ ಹಾಗೆ. ಎಂಬತ್ತನಾಲ್ಕಕ್ಕೆ ಶಹಾಡಿನಲ್ಲಿ ಬಿಂದು ಹೊತ್ತಿತು. ನಲ್ಲಿಯಿಂದ ಈಚೆ, ಅವಳು ಬೆರಳಿಟ್ಟ ಜಾಗದಲ್ಲೇ. ಪಕ್ಕದಲ್ಲಿ ನಿಮ್ಮ ಹೆಸರಿತ್ತು.

ಮುಖ್ಯ ಅತಿಥಿಗಳು ಎದ್ದು, ಶಹಾಡಿನ ಎರಡು ಕೋಣೆಯಿಂದ ಕೋಪರಿಯ ಮೂರು ಮಾಳಿಗೆಗೆ ಏರಿದ ನಮ್ಮ ನೂತನ ಅಧ್ಯಕ್ಷರು ಎಂದು ನಿಮಗೆ ಹಾರ ಹಾಕಿದರು. ಮೈಕು ಕಿರುಚುತ್ತಿತ್ತು, ಅಮ್ಮನಿಗೆ ಅರ್ಧವೂ ಕೇಳಿಸಲಿಲ್ಲ ಎಂದುಕೊಂಡಿದ್ದೇನೆ. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಎಂತ ಬರ್ದದ್ದು, ಓದು."

ನಾನು "ಜಲಜಾಕ್ಷಿ" ಎಂದು ಓದಿದೆ.

ಅವಳು ಚಪ್ಪಾಳೆ ತಟ್ಟಿದಳು. ಇಡೀ ಸಭೆ ನಿಮಗಾಗಿ ತಟ್ಟುತ್ತಿತ್ತು, ಅವಳೂ ತಟ್ಟಿದಳು. ಊಟದ ಪಂಕ್ತಿಯಲ್ಲಿ ನಿಮ್ಮ ಹತ್ತಿರ ಬಂದು ನಿಮ್ಮ ತಲೆ ಮುಟ್ಟಿ ಹರಸಿದಳಲ್ಲ, ಆಗ ನಿಮ್ಮ ಗಂಟಲಲ್ಲಿ ಹೋಳಿಗೆ ಇಳಿಯಿತೇ?

ನೀವು ಒಪ್ಪಿ ಬರೆದ ಕಾಗದ ನನ್ನ ಹತ್ತಿರವಿದೆ. ಒಂದು ವಾರದೊಳಗೆ ತಿದ್ದಿ. ಇಲ್ಲದಿದ್ದರೆ ಅದರ ಪ್ರತಿ ಸಂಘದ ಪ್ರತಿಯೊಬ್ಬ ಸದಸ್ಯರ ಮನೆಗೂ ಹೋಗುತ್ತದೆ.

ನಿಶ್ಮಿತಾ


ಕೋಪರಿ
6 ಫೆಬ್ರವರಿ 2005

ಚಿ. ನಿಶ್ಮಿತಾಳಿಗೆ ಆಶೀರ್ವಾದ.

ಸಿಟ್ಟಿನಲ್ಲಿ ಬರೆದರೂ ಈ ಸಲ ಮೂರೇ ತಪ್ಪು. ಸುಧಾರಿಸಿದ್ದೀ.

ನೋಡು, ಸಮಿತಿ ಒಂದು ನಿಯಮ ಮಾಡಿತು. ಯಾರ ಹೆಸರಿನಲ್ಲಿ ಲೈಸೆನ್ಸು ಇತ್ತೋ ಅವರ ಹೆಸರು ನಕ್ಷೆಯಲ್ಲಿ. ನಿಯಮ ಬರೆದವನು ನಾನೇ, ಒಪ್ಪಿದವರು ಎಲ್ಲರೂ. ಶಹಾಡಿನ ಮೆಸ್ಸಿನ ಲೈಸೆನ್ಸು ಯಾರ ಹೆಸರಿನಲ್ಲಿತ್ತು ಎಂದು ಅತ್ತಿಗೆಯನ್ನು ಕೇಳು. ಗಂಡ ಸತ್ತ ಹೆಂಗಸು ಕಚೇರಿಯ ಮೆಟ್ಟಿಲು ಹತ್ತಬಾರದೆಂದು ಆಗ ಮನೆಯ ಹಿರಿಯರಾದ ನಮ್ಮ ಮುಂಡಪ್ಪ ಮಾವ ತೀರ್ಮಾನ ಕೊಟ್ಟರು. ನಾನು ಹೋಗಿ ನಿಂತೆ, ಸಹಿ ಹಾಕಿದೆ. ಆ ಕಾಗದ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ನಿನ್ನ ಹತ್ತಿರ ಏನಿದೆ? ತರಕಾರಿ ಹೆಚ್ಚುತ್ತಾ ಹೇಳಿದ ಮಾತು.

ನಾನು ಒಪ್ಪಿ ಬರೆದದ್ದು ನಿಜ. ಧಾರಾಳವಾಗಿ ತೋರಿಸು. ಡೊಂಬಿವಲಿಯಲ್ಲೇ ಸಂಘದ ಮೂವತ್ತು ಮನೆಗಳಿವೆ. ಅಂಚೆಯವನು ಹಂಚಿದ ದಿನ ಸಂಜೆಯೊಳಗೆ ಯಾರಾದರೊಬ್ಬರು ಬಂದು ಅತ್ತಿಗೆಯ ಹತ್ತಿರ ಅಯ್ಯೋ ಪಾಪ ಎನ್ನುತ್ತಾರೆ. ಈಗ ಅವರು ಸಂತೋಷವಾಗಿದ್ದಾರೆ. ಸುಳ್ಳು ಹೇಳಿದವನು ನಾನಲ್ಲ. ನಾನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ನನ್ನ ಹೆಸರು ಬರೆದಿದ್ದೆ. ಅದನ್ನು ಬೇರೆಯಾಗಿ ಓದಿದವಳು ನೀನು. ಆ ಸಂತೋಷವನ್ನು ಇಟ್ಟುಕೊಳ್ಳುತ್ತೀಯೋ ಒಡೆಯುತ್ತೀಯೋ ನಿನ್ನ ಕೈಯಲ್ಲಿದೆ.

ಪಾಸ್‌ವರ್ಡ್ ಬದಲಿಸಿದ್ದೇನೆ, ಸುಮ್ಮನೆ ಶ್ರಮಪಡಬೇಡ. ಇನ್ನೊಂದು ಮಾತು. ಹೆಸರು ಬದಲಿಸಿದ್ದು ಪೃಥ್ವಿರಾಜ್ ಎಂದು ಅವನ ಮೇಲೆ ಮುನಿಯಬೇಡ. ನಾನೇ, ನನ್ನ ಕೈಯಾರೆ. ನೀನು ಬರೆದುಕೊಟ್ಟ ಕ್ರಮ ಎಷ್ಟು ಚೆನ್ನಾಗಿತ್ತೆಂದರೆ ಎರಡು ನಿಮಿಷವೂ ಹಿಡಿಯಲಿಲ್ಲ.

ನಿನ್ನ ಚಿಕ್ಕಪ್ಪ,
ಲೀಲಾಧರ
ಅಧ್ಯಕ್ಷ


ಡೊಂಬಿವಲಿ
27 ಫೆಬ್ರವರಿ 2005

ಚಿಕ್ಕಪ್ಪನವರಿಗೆ,

ನೀವು ಒಪ್ಪಿ ಬರೆದ ಕಾಗದದ ಪ್ರತಿ ಯಾರಿಗೂ ಕಳಿಸಲಿಲ್ಲ. ಮಾಡಿಸಿದ ಪ್ರತಿಗಳನ್ನೆಲ್ಲ ಹರಿದು ಹಾಕಿದ್ದೇನೆ, ಅಮ್ಮನ ಕೈಗೆ ಸಿಗಬಾರದೆಂದು.

ಮನೆಯ ಕಂಪ್ಯೂಟರಿನಲ್ಲಿ ಕನ್ನಡದ ಹಳೆಯ ಪ್ರತಿ ಇದೆ. ಅವಳಿಗೆ ಅದು ಬೇಡ. "ಎಲ್ಲರೂ ನೋಡುದು ಯಾವುದು, ಅದನ್ನು ತೋರ್ಸು" ಎಂದು ಭಾನುವಾರ ಭಾನುವಾರ ನನ್ನನ್ನು ಸ್ಟೇಷನ್ನಿನ ಹತ್ತಿರದ ಸೈಬರ್ ಕೆಫೆಗೆ ಎಳೆದುಕೊಂಡು ಹೋಗುತ್ತಾಳೆ. ಎಂಬತ್ತನಾಲ್ಕನ್ನು ಒತ್ತಿಸುತ್ತಾಳೆ. ಓದು ಎನ್ನುತ್ತಾಳೆ. ಓದುತ್ತೇನೆ. ವಾರವಿಡೀ ನನಗೆ ಆ ಭಾನುವಾರದ್ದೇ ಭಯ.

ನಿಮ್ಮ ಕಾಲು ಹಿಡಿಯುತ್ತೇನೆ. ನಿಮ್ಮ ಹೆಸರು ಹಾಗೆಯೇ ಇರಲಿ. ಅದರ ಕೆಳಗೆ ಎಷ್ಟೇ ಸಣ್ಣದಾಗಿಯಾದರೂ ಅವಳ ಹೆಸರು ಹಾಕಿ. ನಾನು ಓದುವುದು ಸುಳ್ಳಾಗದಿದ್ದರೆ ಸಾಕು.

ನಿಶ್ಮಿತಾ


ಡೊಂಬಿವಲಿ
9 ಮಾರ್ಚ್ 2005

ಲೀಲಾಧರನಿಗೆ ಅತ್ತಿಗೆಯ ಆಶೀರ್ವಾದ.

ನೀನು ಕಳಿಸಿದ ಶಾಲನ್ನೂ ಹಣ್ಣಿನ ಬುಟ್ಟಿಯನ್ನೂ ಪೃಥ್ವಿರಾಜ್ ತಂದುಕೊಟ್ಟ. ಮಗ ಒಳ್ಳೆಯವನು, ಕಾಲು ತೊಳೆದೇ ಒಳಗೆ ಬಂದ. ಹಣ್ಣು ಅಕ್ಕಪಕ್ಕದವರಿಗೆ ಹಂಚಿದೆ. ಶಾಲನ್ನು ಹೊದ್ದುಕೊಳ್ಳದೆ ವಿಧಿಯಿಲ್ಲ, ಇಲ್ಲದಿದ್ದರೆ ನಿಶ್ಮಿತಾ ಯಾಕೆ ಎಂದು ಕೇಳುತ್ತಾಳೆ.

ಅವಳು ಕೆಲಸಕ್ಕೆ ಹೋಗಿದ್ದಾಳೆ. ಬರುವುದರೊಳಗೆ ಇದನ್ನು ಬರೆದು ಅಂಚೆಗೆ ಹಾಕಬೇಕು.

ನನಗೆ ಇಂಗ್ಲಿಷ್ ಬಾರದು. ಆದರೆ ನಿನ್ನ ಹೆಸರು ಇಂಗ್ಲಿಷಿನಲ್ಲಿ ಹೇಗಿರುತ್ತದೆ ಎಂದು ಗೊತ್ತು. ನಿನ್ನ ಹೆಸರನ್ನು ಟೈಪು ಮಾಡಿದ ಆ ಲೈಸೆನ್ಸು ಹದಿನಾಲ್ಕು ವರ್ಷ ನನ್ನ ಒಲೆಯ ಎದುರಿನ ಗೋಡೆಯಲ್ಲೇ ಇತ್ತು. ಗಾಜಿಗೆ ಹೊಗೆ ಹಿಡಿದರೆ ತಪಾಸಣೆಯವರು ಬೈಯುತ್ತಾರೆಂದು ದಿನಾ ಬೆಳಿಗ್ಗೆ ಒರೆಸುತ್ತಿದ್ದವಳು ನಾನು. ಸಭೆಯಲ್ಲಿ ಬಿಂದು ಹೊತ್ತಿದ ಕೂಡಲೇ ಕಂಡಿತು. ಕಣ್ಣು ಮೋಸ ಮಾಡಿತೇನೋ ಎಂದು ನಿಶ್ಮಿತಾಳನ್ನು ಕೇಳಿದೆ. ಅವಳು ನನ್ನ ಹೆಸರು ಹೇಳಿದಳು. ಅವಳ ಮುಖ ನೋಡಿದೆ, ಚಪ್ಪಾಳೆ ತಟ್ಟಿದೆ. ಇನ್ನೇನು ಮಾಡಲಿ?

ಆಮೇಲೆ ಪಂಕ್ತಿಯಲ್ಲಿ ನಿನ್ನ ತಲೆ ಮುಟ್ಟಿದೆನಲ್ಲ, ಆಗ ಒಂದು ಮಾತು ಹೇಳುತ್ತೀಯೆಂದು ಕಾದೆ. ನೀನು ತುಪ್ಪ ಬಡಿಸಲು ಕೂಗಿದೆ.

ಅದರ ಮೇಲೂ ತಿದ್ದುತ್ತೀಯೆಂದು ನಂಬಿದ್ದೆ. ತಿದ್ದುವುದು ಎರಡು ನಿಮಿಷದ ಕೆಲಸವೆಂದು ನಿಶ್ಮಿತಾ ಹೇಳಿದ್ದಳು. ಅದನ್ನು ನೋಡಲೆಂದೇ ಐದು ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಐದು ಸಲವೂ ನಿನ್ನ ಹೆಸರೇ ಇತ್ತು, ಐದು ಸಲವೂ ಅವಳು ನನ್ನ ಹೆಸರು ಓದಿದಳು. ಅವಳ ಸ್ವರ ವಾರದಿಂದ ವಾರಕ್ಕೆ ಸಣ್ಣದಾಗುತ್ತಿದೆ. ಮಂಡಿನೋವೆಂದು ಹೇಳಿದ್ದೇನೆ, ಇನ್ನು ಹೋಗುವುದಿಲ್ಲ.

ನಾನು ಸತ್ತಾಗ ನೀನು ಬಾರದೆ ಇರಲಾರೆ, ಅಧ್ಯಕ್ಷನಲ್ಲವೇ? ಬಾ. ಬಂದು ಸುಮ್ಮನೆ ಕೂತು ಎದ್ದು ಹೋಗು. ನನ್ನ ಬಗ್ಗೆ ಎರಡು ಮಾತು ಆಡಬೇಡ.

ಈಗ ಒಂದನ್ನು ಕೇಳುತ್ತೇನೆ. ಇಷ್ಟು ವರ್ಷಗಳಲ್ಲಿ ನಿನ್ನಲ್ಲಿ ನಾನಾಗಿ ಕೇಳುತ್ತಿರುವುದು ಇದೊಂದೇ. ನನಗೆ ಗೊತ್ತಿದೆಯೆಂದು ನಿಶ್ಮಿತಾಳಿಗೆ ಹೇಳಬೇಡ. ಮೂರು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ದುಡಿದು ಅಮ್ಮನಿಗೆ ಸಂತೋಷ ಕೊಟ್ಟೆ ಎಂದು ಅವಳು ನಂಬಿದ್ದಾಳೆ. ಅದನ್ನಾದರೂ ತಿದ್ದದೆ ಬಿಡು.

ಇತಿ,
ಜಲಜಾಕ್ಷಿ
ಶಹಾಡ್